ಮನೇಲಿ ಒಂದು ಮಾತು ಕೇಳಿ

ನಕ್ಷೆಯವರು ಮೊದಲ ಸಲ ಬಂದ ವರ್ಷ ದಾರಿಯಕ್ಕನಿಗೆ ಮೂವತ್ತೆಂಟು. ಅಷ್ಟು ಹೊತ್ತಿಗೆ ಅವಳು ಹದಿನಾರು ವರ್ಷದಿಂದ ಜನರನ್ನು ಕಾಡಿನೊಳಗೆ ಕರೆದುಕೊಂಡು ಹೋಗಿ, ಮೂರು ಗವಿ ಎರಡು ಜಲಪಾತ ತೋರಿಸಿ, ಸಂಜೆಯೊಳಗೆ ಕೈಕಾಲು ನೆಟ್ಟಗಿರುವಂತೆ ವಾಪಸು ತಂದು ಬಿಡುತ್ತಿದ್ದಳು. ಚಿಕ್ಕವರು ದೊಡ್ಡವರೆನ್ನದೆ ಎಲ್ಲರ ಬಾಯಲ್ಲೂ ಅವಳು ದಾರಿಯಕ್ಕ. ಅವಳ ಅಪ್ಪನೂ ಒಂದು ಕಾಲಕ್ಕೆ ಅದೇ ಕೆಲಸ ಮಾಡಿದವನು. ಮೊಣಕಾಲು ಸವೆದ ಮೇಲೆ ಗೇಟಿನ ಪಕ್ಕದ ಆಫೀಸಿನಲ್ಲಿ ಕೂತು, ಬಂದವರಿಗೆ ಊರುಗೋಲು, ರೇನ್‌ಕೋಟು, ಹಣೆಗೆ ಕಟ್ಟುವ ದೀಪ ಕೊಡುತ್ತಿದ್ದ. ಒಳಗೆ ಹೋದವರು ಹೊರಗೆ ಬಂದರೇ ಎಂದು ರಿಜಿಸ್ಟರಿನಲ್ಲಿ ಗುರುತು ಹಾಕುತ್ತಿದ್ದ. "ಕಾಡಿಗೆ ಹೋಗೋದು ದೊಡ್ಡಸ್ತಿಕೆ ಅಲ್ಲ, ಊಟದ ಹೊತ್ತಿಗೆ ವಾಪಸ್ ಬರೋದು ದೊಡ್ಡಸ್ತಿಕೆ" ಎಂದು ಒಬ್ಬೊಬ್ಬರಿಗೂ ಹೇಳುತ್ತಿದ್ದ. ಅವರೆಲ್ಲ ನಗುತ್ತಿದ್ದರು. ಅವನು ನಗುತ್ತಿರಲಿಲ್ಲ.

ಅಮ್ಮ ತೀರಿಕೊಂಡು ಆರು ವರ್ಷವಾಗಿತ್ತು. ಆಫೀಸಿನ ಹಿಂದಿನ ಎರಡು ಕೋಣೆಯಲ್ಲಿ ಅಪ್ಪ ಮಗಳು ಇಬ್ಬರೇ. ಒಲೆಯ ಮೇಲಿನ ತಂತಿಯಲ್ಲಿ ಯಾವಾಗ ನೋಡಿದರೂ ಒದ್ದೆ ಕಾಲುಚೀಲ ತೂಗುತ್ತಿದ್ದವು.

ನಕ್ಷೆಯವರೆಂದರೆ ದೂರದ ನಗರದ ಭೂಮಾಪನ ಕಚೇರಿಯ ಒಬ್ಬ ಅಧಿಕಾರಿ. ಗವಿಗಳ ಒಳಗನ್ನು ಒಂದು ಗೇಣೂ ಬಿಡದೆ ಅಳೆದು ಕಾಗದಕ್ಕಿಳಿಸುವುದು ಅವರ ಕೆಲಸ. ಮಳೆ ನಿಂತು ಗವಿಗಳ ನೀರು ಇಳಿದ ಮೇಲೆ ಬಂದು, ಆಫೀಸಿನ ಮೇಲಿನ ಅಟ್ಟದ ಕೋಣೆಯಲ್ಲಿ ಆರು ವಾರ ಉಳಿಯುತ್ತಿದ್ದರು. ವಯಸ್ಸು ನಲವತ್ತೈದರ ಆಸುಪಾಸು. ತಗ್ಗು ಕಲ್ಲುಗಳಡಿ ನುಸುಳಿ ನುಸುಳಿ, ಬಯಲಲ್ಲಿ ನಡೆಯುವಾಗಲೂ ತಲೆ ಬಗ್ಗಿಸಿಕೊಂಡೇ ನಡೆಯುವ ಅಭ್ಯಾಸ ಅವರಿಗೆ. ಅಪ್ಪ ಮೊದಲ ದಿನವೇ, "ಸ್ವಾಮಿ, ಆಕಾಶ ಬಹಳ ಮೇಲಿದೆ, ನೆಟ್ಟಗೆ ನಡೀರಿ" ಎಂದ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಪ್ಪನಿಗೆ ಅಲ್ಲಿಗೇ ಅವರು ಹಿಡಿಸಿಬಿಟ್ಟರು.

ಅಳತೆಗೆ ಇಬ್ಬರು ಬೇಕು. ಒಬ್ಬರು ಟೇಪಿನ ತುದಿಯನ್ನು ಬಂಡೆಗೆ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಕತ್ತಲೊಳಗೆ ಮುಂದೆ ಹೋಗಿ ಬಿಗಿಯಾಗಿ ಎಳೆದು ಓದಬೇಕು. ಕಚೇರಿಯಿಂದ ಬರಬೇಕಿದ್ದ ಸಹಾಯಕ ಕಾಯಿಲೆ ಬಿದ್ದು ಬರಲಿಲ್ಲ. ದಾರಿಯಕ್ಕ ತುದಿ ಹಿಡಿದಳು.

"ಹಿಡಿದ್ರಾ?"

"ಹಿಡ್ದೆ."

"ಹನ್ನೊಂದು ಮೀಟರ್ ನಲವತ್ತು."

ದಿನವಿಡೀ ಇಷ್ಟೇ ಮಾತು. ಆದರೆ ಆ ಆರು ವಾರ ಮುಗಿಯುವ ಹೊತ್ತಿಗೆ, ಕತ್ತಲಿನಿಂದ ಬರುವ ಆ "ಹಿಡಿದ್ರಾ" ಕೇಳಿಯೇ ಅವರು ನಿಂತಿದ್ದಾರೋ ಮಂಡಿಯೂರಿದ್ದಾರೋ, ದಣಿದಿದ್ದಾರೋ, ಏನಾದರೂ ಚೆಂದದ್ದು ಕಂಡು ಖುಷಿಯಲ್ಲಿದ್ದಾರೋ ಎಂಬುದು ಅವಳಿಗೆ ತಿಳಿಯತೊಡಗಿತ್ತು. ಅವರು ಹೊರಟುಹೋದ ಮೇಲೆ ಒಂದು ವಾರ ಅವಳಿಗೆ ಯಾವ ಕೆಲಸಕ್ಕೂ ಕೈ ಓಡಲಿಲ್ಲ.

ಎರಡನೆಯ ವರ್ಷ ಮಧ್ಯಾಹ್ನದ ಊಟಕ್ಕೆ ಚಿಕ್ಕ ಜಲಪಾತದ ಎದುರಿನ ಚಪ್ಪಟೆ ಬಂಡೆಯ ಮೇಲೆ ಕೂರುವುದು ರೂಢಿಯಾಯಿತು. ಬ್ರೆಡ್ಡು, ಬೇಯಿಸಿದ ಮೊಟ್ಟೆ, ಫ್ಲಾಸ್ಕಿನಲ್ಲಿ ಚಹಾ. ಅವರು ಕಲ್ಲಿನ ವಯಸ್ಸು ಹೇಳುತ್ತಿದ್ದರು. ಅವಳು ಯಾವ ಪೊಟರೆಯಲ್ಲಿ ಯಾವ ಹಕ್ಕಿ ಎಂದು ಹೇಳುತ್ತಿದ್ದಳು. ಹೊಳೆಯುವ ಬೆಣಚುಕಲ್ಲೋ, ಜರಡಿಯಂತೆ ತೂತು ಬಿದ್ದ ಒಣಗಿದ ಎಲೆಯೋ ಸಿಕ್ಕರೆ ಅವರು ಜೋಪಾನವಾಗಿ ಅಂಗಿಯ ಜೇಬಿಗೆ ಹಾಕಿಕೊಂಡು, "ಮನೇಲಿ ತೋರಿಸ್ತೀನಿ" ಎನ್ನುತ್ತಿದ್ದರು. ಮೋಡ ಕವಿದರೆ, "ಮನೇಲಿ ಒಬ್ಬರೇ, ಗುಡುಗು ಅಂದ್ರೆ ಭಯ" ಎನ್ನುತ್ತಿದ್ದರು. ದಾರಿಯಕ್ಕನ ಕಣ್ಣಿಗೆ ಬೆಳ್ಳಿಕೂದಲಿನ ಒಬ್ಬ ತಾಯಿ ಬರುತ್ತಿದ್ದಳು: ಕಿಟಕಿ ಪಕ್ಕದ ಕುರ್ಚಿ, ಮೂಗಿನ ತುದಿಗೆ ಜಾರಿದ ಕನ್ನಡಕ. ಆ ಮುದುಕಿಗೆಂದು ಅವಳು ಒಮ್ಮೆ ಉಣ್ಣೆಯ ಕಾಲುಚೀಲ ಹೆಣೆದು ಕಳಿಸಿದಳು. ಮನೆಯಲ್ಲಿ ಯಾರಿದ್ದಾರೆ ಎಂದು ಮಾತ್ರ ಬಾಯಿ ಬಿಟ್ಟು ಕೇಳಲಿಲ್ಲ. ಕೇಳಿದರೆ ಎಲ್ಲಿ ಎಂಥ ಉತ್ತರ ಬಂದೀತೋ ಎಂಬ ಹೆದರಿಕೆ ಅದು ಎನ್ನುವುದು ಅವಳಿಗೆ ಬಹಳ ತಡವಾಗಿ ಹೊಳೆಯಿತು.

ಮೂರನೆಯ ವರ್ಷ ದೊಡ್ಡ ಜಲಪಾತದ ಹಿಂದಿನ ಗವಿ. ನೀರಿನ ಪರದೆಯನ್ನು ಪಕ್ಕದಿಂದ ದಾಟಿ, ಕಬ್ಬಿಣದ ಸರಪಳಿ ಹಿಡಿದು ಮೇಲೇರಿ ಒಳಗೆ ಹೋಗಬೇಕು. ಕೊನೆಯ ವಾರದ ಒಂದು ಮಧ್ಯಾಹ್ನ, ಗವಿಯ ಒಡಲಿನಲ್ಲಿ ಅವರು ಕಾಲು ಜಾರಿ ಬಿದ್ದರು. ಹಣೆಯ ದೀಪ ಕಲ್ಲಿಗೆ ಬಡಿದು ಪುಡಿಯಾಯಿತು. ಎಬ್ಬಿಸಲು ಬಗ್ಗಿದಾಗ ದಾರಿಯಕ್ಕನ ದೀಪವೂ ಕಳಚಿ ಕೆಳಗಿನ ಮಡುವಿಗೆ ಬಿತ್ತು. ಕಣ್ಣು ತೆರೆದರೂ ಮುಚ್ಚಿದರೂ ಒಂದೇ ಎನ್ನುವ ಕತ್ತಲು. ಬೆಳಕು ಹೋದರೆ ಕೂತಲ್ಲಿಂದ ಏಳಬಾರದು ಎನ್ನುವುದು ಅಪ್ಪನ ನಿಯಮ; ಸಂಜೆ ಐದಕ್ಕೆ ರಿಜಿಸ್ಟರಿನಲ್ಲಿ ಗುರುತು ಬೀಳದಿದ್ದರೆ ಅವನೇ ಕಾಡಿನ ಕಾವಲಿನವರನ್ನು ಕಳಿಸುತ್ತಾನೆ. ಇಬ್ಬರೂ ಭುಜಕ್ಕೆ ಭುಜ ತಾಗಿಸಿ ಮೂರು ತಾಸು ಕೂತರು.

ಆ ಮೂರು ತಾಸಿನಲ್ಲಿ ಆಡಿದ ಮಾತೆಲ್ಲ ಕೆಲಸಕ್ಕೆ ಬಾರದವು. ಬಾಲ್ಯದಲ್ಲಿ ಕಳೆದುಹೋದ ನಾಯಿ, ಲೆಕ್ಕದ ಮೇಷ್ಟ್ರ ಮೀಸೆ, ಇಬ್ಬರಿಗೂ ಈಜು ಬಾರದ ಸಂಗತಿ. ನಡುವೆ ಒಮ್ಮೆ ಅವರು ಹೇಳಿದರು:

"ನಿಮ್ಮ ಜೊತೆ ಕೂತ್ರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ."

ಅವಳು, ಕತ್ತಲಿದ್ದದ್ದು ಒಳ್ಳೆಯದಾಯಿತು ಅಂದುಕೊಂಡಳು. ದೂರದಲ್ಲಿ ಕಾವಲಿನವರ ಟಾರ್ಚಿನ ಬೆಳಕು ಅಲ್ಲಾಡಿದಾಗ ಅವರು ಅವಸರದಲ್ಲಿ ಇನ್ನೊಂದು ಮಾತು ಸೇರಿಸಿದರು:

"ಮುಂದಿನ ಸಲ ಬಂದಾಗ ನಿಮ್ಮ ಹತ್ರ ಒಂದು ವಿಷಯ ಕೇಳ್ಬೇಕು. ಈಗ ಬೇಡ. ಮೊದ್ಲು ಮನೇಲಿ ಒಂದು ಮಾತು ಕೇಳಿ, ಆಮೇಲೆ."

ಒಬ್ಬ ಗಂಡಸು ಹೆಣ್ಣಿಗೆ, ಮನೆಯಲ್ಲಿ ಕೇಳಿಕೊಂಡು ಬಂದು ನಿಮ್ಮನ್ನು ಕೇಳುತ್ತೇನೆ ಎಂದರೆ ಅದಕ್ಕೆ ಎಷ್ಟು ಅರ್ಥ ಇದ್ದೀತು? ದಾರಿಯಕ್ಕನಿಗೆ ಕಂಡದ್ದು ಒಂದೇ.

ಆ ವರ್ಷ ಅವಳು ನೆಲದ ಮೇಲೆ ನಡೆಯಲಿಲ್ಲ ಎಂದರೂ ಸರಿಯೇ. ದಿನಕ್ಕೆ ಎರಡು ಸಲ ಗೇಟಿನ ತನಕ ಬರುವ ಬಸ್ಸಿನ ಡ್ರೈವರ್ ಅವಳನ್ನು ಮದುವೆಗೆ ಕೇಳಿದ್ದೂ ಅದೇ ವರ್ಷ. ಹೆಂಡತಿ ಸತ್ತು ಬಹಳ ಕಾಲವಾಗಿದ್ದ, ತಮಾಷೆಯ, ಒಳ್ಳೆಯ ಮನುಷ್ಯ. ನಕ್ಷೆಯವರನ್ನು ಬಿಟ್ಟರೆ ಅವಳನ್ನು ಅಕ್ಕ ಎನ್ನದ ಗಂಡಸು ಅವನೊಬ್ಬನೇ. ಅವನ ಮನಸ್ಸಿನಲ್ಲೇನಿದೆ ಎಂದು ಅದರಲ್ಲೇ ಅವಳಿಗೆ ಅನುಮಾನ ಬರಬೇಕಿತ್ತು.

"ನೋಡಿ, ನಾನು ದಿನಾ ಹೋಗಿ ದಿನಾ ಅಲ್ಲಿಗೇ ವಾಪಸ್ ಬರೋ ಮನುಷ್ಯ," ಅಂದ ಅವನು, ಟೋಪಿ ತೆಗೆದು ಕೈಯಲ್ಲಿ ಹಿಡಿದು. "ನಂಬಿಕೆಗೆ ಅಷ್ಟು ಸಾಕಲ್ವಾ?"

"ನೀವು ಒಳ್ಳೆಯವರು. ಆದ್ರೆ ನಾನು ಒಬ್ಬರಿಗೆ ಕಾಯ್ತಿದ್ದೀನಿ."

"ಅವರು ಹೇಳಿದ್ದಾರಾ?"

"ಹೇಳ್ದಂಗೇ."

ಡ್ರೈವರ್ ಟೋಪಿಯನ್ನು ಕೈಯಲ್ಲಿ ಒಮ್ಮೆ ತಿರುಗಿಸಿದ. "ಹೇಳ್ದಂಗೆ ಅನ್ನೋದು ಟಿಕೆಟ್ ಇಲ್ದೆ ಬಸ್ ಹತ್ತಿದಂಗೆ. ಊರು ಬಂದ್ರೆ ಬಚಾವು. ನಡುವೆ ಚೆಕಿಂಗ್ ಬಂದ್ರೆ ಕಷ್ಟ," ಎಂದು ನಕ್ಕು, ಟೋಪಿ ಹಾಕಿಕೊಂಡು ಹೊರಟ. ನಾಲ್ಕು ತಿಂಗಳ ಮೇಲೆ ಬಸ್ ಡಿಪೋದ ಕ್ಯಾಂಟೀನು ನೋಡಿಕೊಳ್ಳುವ ಹೆಂಗಸನ್ನು ಮದುವೆಯಾದ. ದಾರಿಯಕ್ಕ ಮನಸಾರೆ ಒಳ್ಳೆಯದಾಗಲಿ ಅಂದುಕೊಂಡಳು.

ಮಳೆ ನಿಂತಿತು. ಅವಳು ಅಟ್ಟದ ಕೋಣೆಗೆ ಸುಣ್ಣ ಬಳಿದಳು, ಕಿಟಕಿಗೆ ಹೊಸ ಪರದೆ ಹೊಲಿದಳು, ಮೇಜಿನ ಕುಂಟು ಕಾಲಿಗೆ ಚಕ್ಕೆ ಸಿಗಿಸಿದಳು. ಅವರು ಬರುವ ತಾರೀಖು ದಾಟಿತು. ಒಂದು ವಾರ ದಾಟಿತು. "ಕಚೇರೀಲಿ ಬೇರೆ ಕೆಲಸ ಬಿದ್ದಿರ್ಬೇಕು," ಎಂದಳು. ಅಪ್ಪ ರಿಜಿಸ್ಟರಿನ ಪುಟ ತಿರುಗಿಸಿದ.

ಒಂಬತ್ತನೆಯ ದಿನ ಬೆಳಗಿನ ಬಸ್ಸಿನಿಂದ ಒಬ್ಬ ಹೆಂಗಸು ಇಳಿದಳು. ಎಡಗಾಲು ಸಣ್ಣದು, ಕಂಕುಳಲ್ಲಿ ಊರುಗೋಲು, ಬೆನ್ನಿಗೆ ತಗಡಿನ ಕೊಳವೆ. ಡ್ರೈವರ್ ಕೈ ಕೊಟ್ಟು ಇಳಿಸಿ, ಆಫೀಸಿನ ಬಾಗಿಲ ತನಕ ಬಂದು ಬಿಟ್ಟುಹೋದ.

"ನೀವೇ ಅಲ್ವಾ ದಾರಿಯಕ್ಕ?" ಎಂದಳು ಆಕೆ, ಉಸಿರು ಸುಧಾರಿಸಿಕೊಳ್ಳುತ್ತ. "ಅವರು ಹೇಳಿದ ಹಾಗೇ ಇದ್ದೀರಿ."

"ಯಾರು ಮೇಡಂ?"

"ಗವಿ ಅಳೆಯೋಕೆ ಬರ್ತಿದ್ರಲ್ಲ, ಅವರು. ನಾನು ಅವರ ಹೆಂಡತಿ."

ರಿಜಿಸ್ಟರಿನ ಮೇಲೆ ಅಪ್ಪನ ಪೆನ್ನು ನಿಂತಿತು. ದಾರಿಯಕ್ಕ ಕೈಯಲ್ಲಿದ್ದ ರೇನ್‌ಕೋಟನ್ನು ಮಡಚಿದಳು, ಮತ್ತೆ ಬಿಚ್ಚಿದಳು, ಮತ್ತೆ ಮಡಚಿದಳು. ಏನಾದರೂ ಕೇಳಬೇಕಲ್ಲ ಎಂದು ಕೇಳಿದಳು:

"ಈ ಸಲ ಅವರು ಬರ್ಲಿಲ್ವಾ?"

"ಅವರು ಹೋಗಿ ನಾಲ್ಕು ತಿಂಗಳಾಯ್ತು. ಕಚೇರಿ ಮೆಟ್ಟಿಲ ಮೇಲೆ ಎದೆ ಹಿಡ್ಕೊಂಡು ಕೂತವರು ಏಳಲೇ ಇಲ್ಲ. ನಿಮಗೆ ತಿಳಿಸ್ಬೇಕಿತ್ತು. ವಿಳಾಸ ಹುಡುಕೋ ಸ್ಥಿತೀಲಿ ನಾನಿರ್ಲಿಲ್ಲ."

ಒಂದು ಉಸಿರಿಗೆ ಅವರು ಬೇರೆಯವರ ಗಂಡನಾದರು, ಮುಂದಿನ ಉಸಿರಿಗೆ ಇಲ್ಲವಾದರು. ಎರಡರಲ್ಲಿ ಯಾವುದಕ್ಕೆ ಮೊದಲು ಸಂಕಟಪಡಬೇಕು ಎಂದು ಅವಳ ಎದೆಗೆ ಗೊತ್ತಾಗಲಿಲ್ಲ. "ಚಹಾ ಮಾಡ್ತೀನಿ" ಎಂದು ಒಳಗೆ ಹೋದಳು. ನೀರು ಕುದ್ದು ಅರ್ಧಕ್ಕಿಳಿದರೂ ಪುಡಿ ಹಾಕುವುದು ನೆನಪಾಗದೆ ಒಲೆಯ ಮುಂದೆ ನಿಂತಿದ್ದಳು. ಕಡೆಗೆ ಅಪ್ಪನೇ ಮೊಣಕಾಲು ಹಿಡಿದುಕೊಂಡು ಬಂದು ಚಹಾ ಮಾಡಿದ.

ಆ ಹೆಂಗಸು ಒಂದು ಗ್ರಂಥಾಲಯದಲ್ಲಿ ಪುಸ್ತಕ ಹೊಲಿದು ರಟ್ಟು ಕಟ್ಟುವ ಕೆಲಸದವಳು. ಕೂತಲ್ಲೇ ಮಾಡುವ ಕೆಲಸ. ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದು ಮಾತಾಡಿದಳು.

"ಹೋದ ವರ್ಷ ಇಲ್ಲಿಂದ ಬಂದವರೇ ನನ್ನ ಹಿಂದೆ ಬಿದ್ರು. 'ದೊಡ್ಡ ಜಲಪಾತದ ಹಿಂದೆ ಒಂದು ಗವಿ ಇದೆ, ಅದನ್ನ ನೀನು ನೋಡ್ಲೇಬೇಕು. ಈ ಕಾಲಲ್ಲೂ ನಿನ್ನನ್ನ ಅಲ್ಲಿವರೆಗೆ ಕರ್ಕೊಂಡು ಹೋಗೋರು ಯಾರಾದ್ರೂ ಇದ್ರೆ ಅವರೊಬ್ಬರೇ. ಮೊದ್ಲು ನೀನು ಹೂಂ ಅನ್ನು, ಆಮೇಲೆ ಅವರನ್ನ ಕೇಳ್ತೀನಿ' ಅಂತ. ನನಗೆ ನಾಚಿಕೆ ಅಕ್ಕಾ. ಎಳ್ಕೊಂಡು ಎಳ್ಕೊಂಡು ಯಾರ ಮುಂದೆ ನಡೆಯೋದು ಅಂತ. ಹೂಂ ಅನ್ನೋಕೆ ಆರು ತಿಂಗಳು ತಗೊಂಡೆ. ಹೂಂ ಅಂದ ಎರಡನೇ ವಾರ..." ಆಕೆ ಲೋಟ ಕೆಳಗಿಟ್ಟಳು. "ನಿಮ್ಮನ್ನ ಕೇಳಿದ್ರಾ ಅವರು?"

ದಾರಿಯಕ್ಕ ಆಕೆಯ ಪಾದಗಳನ್ನು ನೋಡುತ್ತಿದ್ದಳು. ಒಂದು ಪಾದಕ್ಕೆ ಎತ್ತರದ ಹಿಮ್ಮಡಿಯ ಶೂ. ಶೂ ಒಳಗಿಂದ ಕಾಣುತ್ತಿದ್ದದ್ದು ತಾನೇ ಹೆಣೆದ ಕಾಲುಚೀಲ.

"ಇಲ್ಲ," ಎಂದಳು. "ಮುಂದಿನ ಸಲ ಕೇಳ್ತೀನಿ ಅಂದಿದ್ರು."

"ಹಾಗಾದ್ರೆ ನಾನೇ ಕೇಳ್ತಿದ್ದೀನಿ. ಕರ್ಕೊಂಡು ಹೋಗ್ತೀರಾ?"

ಅಪ್ಪ ನಡುವೆ ಬಾಯಿ ಹಾಕಿದ. "ಬೇರೆ ಯಾರನ್ನಾದ್ರೂ ಕಳಿಸೋಣ. ನಾಳೆ ಇವಳಿಗೆ ಬೇರೆ ಕೆಲಸ—"

"ನಂಗೆ ಯಾವ ಕೆಲಸಾನೂ ಇಲ್ಲ," ಎಂದಳು ದಾರಿಯಕ್ಕ. "ಬೆಳಿಗ್ಗೆ ಆರಕ್ಕೆ ಹೊರಡೋಣ ಮೇಡಂ."

ಆ ರಾತ್ರಿ ಆಕೆ ಹೊಸ ಪರದೆಯ ಅಟ್ಟದ ಕೋಣೆಯಲ್ಲಿ ಮಲಗಿದಳು.

ಬೆಳಿಗ್ಗೆ ಮಂಜು ಇನ್ನೂ ಮರಗಳ ಸೊಂಟದ ಮಟ್ಟದಲ್ಲಿತ್ತು. ದೊಡ್ಡ ಜಲಪಾತಕ್ಕೆ ಐದು ಕಿಲೋಮೀಟರ್. ಮೊದಲ ಒಂದು ಕಿಲೋಮೀಟರ್ ದಾರಿಯಕ್ಕ ಬೇಕೆಂದೇ ಬಿರಬಿರನೆ ನಡೆದಳು. ಹಿಂದಿರುಗಿ ನೋಡಲಿಲ್ಲ. ಹಿಂದೆ ಊರುಗೋಲಿನ ಟಕ್ ಟಕ್ ಕೇಳುತ್ತಿತ್ತು, ಬೇರಿಗೆ ಎಡವಿದ ಸದ್ದು ಕೇಳಿತು, ಒಮ್ಮೆ ಬಿದ್ದ ಸದ್ದೂ ಕೇಳಿತು. ಕೂಗಲಿ, ಸಾಕು ವಾಪಸು ಹೋಗೋಣ ಎನ್ನಲಿ, ಎಂದು ಅವಳ ಒಳಗೊಂದು ಹೊಟ್ಟೆಕಿಚ್ಚು ಕಾಯುತ್ತಿತ್ತು. ಆಕೆ ಕೂಗಲಿಲ್ಲ. ಹಲಗೆಯ ಸೇತುವೆ ಬಂದಾಗ ನಿಲ್ಲಲೇಬೇಕಾಯಿತು. ತಿರುಗಿ ನೋಡಿದರೆ ಆಕೆಯ ಮುಖ ಬೆವರಿನಲ್ಲಿ ತೊಯ್ದಿತ್ತು, ಊರುಗೋಲು ಹಿಡಿದ ಅಂಗೈ ಸುಲಿದು ರಕ್ತ ಬರುತ್ತಿತ್ತು.

"ಯಾಕೆ ಹೇಳ್ಲಿಲ್ಲ?" ಎಂದಳು ದಾರಿಯಕ್ಕ. ದನಿ ತಾನಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು.

"ನಿಮ್ಮ ನಡಿಗೆ ಹೀಗೇ ಇರುತ್ತೇನೋ ಅಂದ್ಕೊಂಡೆ. ನಾನೇ ಭಾರ ಆಗಬಾರದಲ್ಲ."

ದಾರಿಯಕ್ಕ ತನ್ನ ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ಹೊಳೆಯ ನೀರಲ್ಲಿ ಅದ್ದಿ, ಆ ಅಂಗೈಗೆ ಸುತ್ತಿದಳು. ಸೂಜಿ ದಾರ ಹಿಡಿದು ಹಿಡಿದು ಗಂಟುಗಟ್ಟಿದ ಬೆರಳುಗಳು. ಅವಳಿಗೆ ತನ್ನ ಮೇಲೆ ಅಸಹ್ಯವಾಯಿತು. ಊರುಗೋಲನ್ನು ಬೆನ್ನಿಗೆ ಕಟ್ಟಿಕೊಂಡು, "ನನ್ನ ಹೆಗಲು ಹಿಡ್ಕೊಳ್ಳಿ. ಇನ್ನು ಮುಂದೆ ನೀವು ಹೆಜ್ಜೆ ಇಟ್ಟ ಮೇಲೇ ನಾನು ಇಡೋದು," ಎಂದಳು.

ಅಲ್ಲಿಂದಾಚೆಗೆ ಅವಳು ಪ್ರತಿಯೊಂದು ಬೇರು, ಪ್ರತಿಯೊಂದು ಪಾಚಿಗಲ್ಲನ್ನೂ ಹೆಸರಿಟ್ಟು ಕರೆಯುವಂತೆ ಹೇಳುತ್ತ ನಡೆಸಿದಳು. ಮೊದಲ ಗವಿಯಲ್ಲಿ ಬಾವಲಿಗಳು ತಲೆಕೆಳಗಾಗಿ ತೂಗುವುದನ್ನು ಕಂಡು ಆಕೆ ಬಾಯಿ ಮುಚ್ಚಿಕೊಂಡು ನಕ್ಕಳು. ಎರಡನೆಯ ಗವಿಯ ಗೋಡೆಯಲ್ಲಿ ನಕ್ಷೆಯವರು ಕೆಂಪು ಬಣ್ಣದಲ್ಲಿ ಹಾಕಿದ ಗುರುತಿನ ಚುಕ್ಕೆ, ಅದರ ಕೆಳಗೆ ಅವರದೇ ಕೈಬರಹದ ಅಂಕಿ. "ಏಳನ್ನ ಹೀಗೆ ಸೊಟ್ಟಗೆ ಬರೆಯೋರು ಅವರೊಬ್ಬರೇ" ಎಂದು ಆಕೆ ಅದನ್ನು ಬೆರಳಿನಿಂದ ಸವರಿದಳು. ಚಿಕ್ಕ ಜಲಪಾತದ ಚಪ್ಪಟೆ ಬಂಡೆ ಬಂದಾಗ, "ಇಲ್ಲಿ ಸ್ವಲ್ಪ ಕೂರೋಣ್ವಾ?" ಎಂದಳು ಆಕೆ. "ಬೇಡ, ಮುಂದೆ ಇನ್ನೂ ಒಳ್ಳೆ ಜಾಗ ಇದೆ," ಎಂದು ದಾರಿಯಕ್ಕ ಮುಂದೆ ಕರೆದೊಯ್ದಳು. ಆ ಬಂಡೆಯನ್ನು ಹಂಚಿಕೊಳ್ಳುವಷ್ಟು ದೊಡ್ಡ ಮನಸ್ಸು ಅವಳಿಗಿನ್ನೂ ಬಂದಿರಲಿಲ್ಲ.

ದೊಡ್ಡ ಜಲಪಾತ ಕಾಣುವ ಮೊದಲೇ ನೆಲ ನಡುಗುವುದು ಗೊತ್ತಾಗುತ್ತದೆ. ಸರಪಳಿಯ ಬಳಿ ದಾರಿಯಕ್ಕ ಆಕೆಯ ಸೊಂಟಕ್ಕೆ ಹಗ್ಗ ಕಟ್ಟಿ ಇನ್ನೊಂದು ತುದಿಯನ್ನು ತನ್ನ ಸೊಂಟಕ್ಕೆ ಬಿಗಿದಳು. ಆ ಹದಿನೆಂಟು ಅಡಿ ಏರಲು ಮುಕ್ಕಾಲು ಗಂಟೆ ಹಿಡಿಯಿತು. ಕಾಲಲ್ಲಿಲ್ಲದ ಬಲ ಆಕೆಯ ಕೈಗಳಲ್ಲಿತ್ತು. ಅರ್ಧದಲ್ಲಿ ಒಳ್ಳೆಯ ಕಾಲೇ ಜಾರಿ ಆಕೆ ಸರಪಳಿಗೆ ಜೋತುಬಿದ್ದಾಗ, ದಾರಿಯಕ್ಕ ಮೇಲಿನ ಬಂಡೆಯ ಮೇಲೆ ಬೋರಲು ಮಲಗಿ, ಎರಡೂ ಕೈಯಿಂದ ಆಕೆಯ ಮಣಿಕಟ್ಟು ಹಿಡಿದು ಎಳೆದಳು. ಇಬ್ಬರೂ ಗವಿಯ ಬಾಯಲ್ಲಿ ಮೀನುಗಳಂತೆ ಬಿದ್ದುಕೊಂಡು ಏದುಸಿರು ಬಿಟ್ಟರು.

ಒಳಗಿನಿಂದ ನೋಡಿದರೆ ನೀರು ಬೀಳುವಂತೆ ಕಾಣುವುದಿಲ್ಲ, ಬೆಳಕೇ ಕರಗಿ ಸುರಿಯುವಂತೆ ಕಾಣುತ್ತದೆ. ಆಕೆ ಕೈ ಚಾಚಿ ತುಂತುರು ಹಿಡಿದಳು. ಆಮೇಲೆ ಸದ್ದಿನ ಮೇಲೆ ಕೇಳಿಸುವಂತೆ ದಾರಿಯಕ್ಕನ ಕಿವಿಯ ಹತ್ತಿರ ಬಾಯಿ ತಂದು ಕೇಳಿದಳು:

"ಅವರು ಇಲ್ಲಿ ಹೇಗಿರ್ತಿದ್ರು?"

ದಾರಿಯಕ್ಕ ಹೇಳಿದಳು. ಮಂಡಿಗೆ ಗೋಣಿಚೀಲ ಕಟ್ಟಿಕೊಂಡು ತೆವಳುತ್ತಿದ್ದದ್ದು, ಪೆನ್ಸಿಲ್ಲು ಕಿವಿಯ ಮೇಲಿಟ್ಟು ಎಲ್ಲ ಕಡೆ ಹುಡುಕುತ್ತಿದ್ದದ್ದು, ಮೊಟ್ಟೆಯ ಸಿಪ್ಪೆಯನ್ನು ಇರುವೆಗಳಿಗೆಂದು ಒಂದೇ ಕಡೆ ಗುಡ್ಡೆ ಹಾಕುತ್ತಿದ್ದದ್ದು. ಮೂರು ವರ್ಷ ಜೋಪಾನ ಮಾಡಿದ್ದನ್ನೆಲ್ಲ ಒಂದೊಂದಾಗಿ ತೆಗೆದು ಆಕೆಯ ಮಡಿಲಿಗೆ ಹಾಕಿದಳು. ಆಕೆ ಕೆಲವಕ್ಕೆ ನಕ್ಕಳು, ಕೆಲವಕ್ಕೆ ಕಣ್ಣೊರೆಸಿಕೊಂಡಳು.

"ನನ್ನ ವಿಷಯ ಏನಾದ್ರೂ ಹೇಳ್ತಿದ್ರಾ?"

ಇಲ್ಲ ಎನ್ನಲು ಬಾಯಿ ತೆರೆದವಳಿಗೆ ಆಗಲೇ ಹೊಳೆದದ್ದು. ಬೆಣಚುಕಲ್ಲು, ತೂತುಬಿದ್ದ ಎಲೆ, ಗುಡುಗಿನ ಭಯ. ಮೂರು ವರ್ಷ ಆ ಮನುಷ್ಯ ದಿನಕ್ಕೆ ಹತ್ತು ಸಲ ಹೆಂಡತಿಯ ಮಾತನ್ನೇ ಆಡಿದ್ದ. ಕೇಳಿಸಿಕೊಂಡವಳು ಅದಕ್ಕೆ ತನಗೆ ಬೇಕಾದ ಮುದುಕಿಯ ಮುಖ ಅಂಟಿಸಿದ್ದಳು.

"ದಿನಾ ಹೇಳ್ತಿದ್ರು," ಎಂದಳು. "ಮನೇಲಿ, ಮನೇಲಿ ಅಂತ."

"ಹೌದು! ಹೆಸರು ಹಿಡಿದು ಕರೆದವರೇ ಅಲ್ಲ. ಫೋನ್ ಮಾಡಿ ನನ್ನನ್ನೇ 'ಮನೇಲಿ ಇದ್ದಾರಾ' ಅಂತ ಕೇಳೋರು." ಆಕೆ ಅಳುತ್ತಲೇ ನಕ್ಕಳು. "ಮತ್ತೇನು ಹೇಳ್ತಿದ್ರು?"

ದಾರಿಯಕ್ಕನ ಬಳಿ ಇನ್ನು ಉಳಿದದ್ದು ಒಂದೇ ಮಾತು. ಇದೇ ಗವಿಯಲ್ಲಿ, ಅವಳೊಬ್ಬಳಿಗೇ ಹೇಳಿದ ಮಾತು. ಅದನ್ನೂ ಕೊಟ್ಟರೆ ತನಗೆಂದು ಏನೂ ಉಳಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆಕೆಯ ಬಟ್ಟೆ ಸುತ್ತಿದ ಕೈ ತನ್ನ ತೋಳಿನ ಮೇಲೆ ಕಾಯುತ್ತಿತ್ತು.

"'ಅವಳ ಜೊತೆ ಕೂತ್ರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ' ಅಂತಿದ್ರು."

ಆಕೆ ದಾರಿಯಕ್ಕನ ಹೆಗಲಿಗೆ ಮುಖ ಒತ್ತಿ, ಮೈಯೆಲ್ಲ ಅಲುಗುವಂತೆ ಅತ್ತಳು. ದಾರಿಯಕ್ಕ ಆಕೆಯ ಬೆನ್ನು ಸವರುತ್ತ ನೀರನ್ನು ನೋಡುತ್ತ ಕೂತಳು. ಗಂಡನನ್ನು ಕಳೆದುಕೊಂಡವಳು ಅಳುತ್ತಿದ್ದಾಳೆ. ತಾನು ಯಾರನ್ನು ಕಳೆದುಕೊಂಡೆ ಎಂದು ಅಳಲಿ?

ಮರುದಿನ ಬೆಳಿಗ್ಗೆ ಬಸ್ಸು ಹತ್ತುವ ಮುನ್ನ ಆಕೆ ತಗಡಿನ ಕೊಳವೆಯಿಂದ ಒಂದು ನಕ್ಷೆ ತೆಗೆದು ಕೊಟ್ಟಳು. ಕಚೇರಿಯವರು ಅಚ್ಚು ಹಾಕಿಸಿದ್ದು. ಮೂರು ಗವಿಗಳೂ ಅದರಲ್ಲಿ ನೀಲಿ ಗೆರೆಗಳಾಗಿ ಮಲಗಿದ್ದವು. ಕೆಳಗೆ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ, "ಅಳತೆಗೆ ನೆರವು: ಸ್ಥಳೀಯ ಮಾರ್ಗದರ್ಶಿ" ಎಂದಿತ್ತು.

"ನೀವು ಅವರಿಗೆ ಒಳ್ಳೆ ಸ್ನೇಹಿತೆ ಆಗಿದ್ರಿ," ಎಂದಳು ಆಕೆ.

"ಹೂಂ," ಎಂದಳು ದಾರಿಯಕ್ಕ.

ಬಸ್ಸು ತಿರುವು ದಾಟಿದ ಮೇಲೆ ಅಪ್ಪ ಮೆಲ್ಲಗೆ ಹೇಳಿದ: "ಒಳಗೆ ಬಾ ಮಗಳೇ. ಬಿಸಿ ಏನಾದ್ರೂ ಕುಡಿ."

"ಅಪ್ಪ, ನಿಂಗೆ ಗೊತ್ತಿತ್ತಾ?"

ಅಪ್ಪ ಮೇಜಿನ ಮೇಲಿನ ದೀಪಗಳನ್ನು ಸಾಲಾಗಿ ಜೋಡಿಸತೊಡಗಿದ.

"ಅವರಿಗೆ ಹೆಂಡತಿ ಇದ್ದದ್ದು ನಿಂಗೆ ಗೊತ್ತಿತ್ತಾ?"

"ಮೊದಲ ವರ್ಷಾನೇ ಗೊತ್ತಾಯ್ತು," ಎಂದ ಅವನು. "ಅವರು ಮುಚ್ಚಿಟ್ಟಿರ್ಲಿಲ್ಲ. ಮನೇಲಿ ಅಂದ್ರೆ ಯಾರು ಅಂತ ನನಗೆ ತಿಳಿಯಲ್ವಾ? ನಾನೂ ನಿಮ್ಮಮ್ಮನ್ನ ಜೀವಮಾನವೆಲ್ಲ ಹಾಗೇ ಕರೆದೋನು."

"ಯಾಕೆ ಹೇಳ್ಲಿಲ್ಲ?"

"ನಿಂಗೂ ಗೊತ್ತಿದೆ ಅಂದ್ಕೊಂಡೆ. ಆಮೇಲೆ ಗೊತ್ತಿಲ್ಲ ಅಂತ ಗೊತ್ತಾಯ್ತು. ಅಷ್ಟರಲ್ಲಿ ನೀನು ಒಲೆ ಮುಂದೆ ನಿಂತು ಹಾಡ್ಕೊಳ್ಳೋಕೆ ಶುರು ಮಾಡಿದ್ದೆ. ನಿಮ್ಮಮ್ಮ ಹೋದ ಮೇಲೆ ಈ ಮನೇಲಿ ಹಾಡು ಕೇಳಿರ್ಲಿಲ್ಲ ನಾನು." ಅವನ ಕೈಯಲ್ಲಿದ್ದ ದೀಪ ಉರುಳಿತು, ಎತ್ತಿಟ್ಟ. "ನಾಳೆ ಹೇಳೋಣ, ನಾಳೆ ಹೇಳೋಣ ಅಂತ..."

"ಡ್ರೈವರ್ ಬಂದು ಕೇಳಿದಾಗಲಾದ್ರೂ ಹೇಳ್ಬಹುದಿತ್ತಲ್ಲ ಅಪ್ಪ."

ಅವಳು ನಕ್ಷೆಯನ್ನು ಅವನ ಮುಂದೆ ಬಿಟ್ಟು ಹೋದಳು.

ಮೂರು ದಿನ ಅವಳು ಅಪ್ಪನ ಜೊತೆ ಮಾತಾಡಲಿಲ್ಲ. ತಟ್ಟೆ ಇಟ್ಟಳು, ಮೊಣಕಾಲಿಗೆ ಹಚ್ಚುವ ಎಣ್ಣೆ ಕಾಯಿಸಿ ಪಕ್ಕದಲ್ಲಿಟ್ಟಳು, ಆದರೆ ಒಂದು ಮಾತಿಲ್ಲ. ಹಗಲೆಲ್ಲ ಜನರನ್ನು ಕರೆದುಕೊಂಡು ಕಾಡಿಗೆ ಹೋಗುವಳು. ಅವರು ಫೋಟೋ ತೆಗೆಸಿಕೊಳ್ಳುವಾಗ ನಗುವಳು. ದೊಡ್ಡ ಜಲಪಾತದ ಹಿಂದಿನ ಗವಿಗೆ ಮಾತ್ರ, ಈಗ ನೀರು ಜಾಸ್ತಿ, ಹತ್ತಬಾರದು ಎಂದು ಸುಳ್ಳು ಹೇಳಿ ಹೊರಗಿನಿಂದಲೇ ತಿರುಗಿಸುವಳು.

ನಾಲ್ಕನೆಯ ದಿನ ಸಂಜೆ ಆರು ಜನ ಶಿಕ್ಷಕಿಯರ ಗುಂಪನ್ನು ಇಳಿಸಿಕೊಂಡು ಬರುತ್ತಿದ್ದಳು. ಹಲಗೆಯ ಸೇತುವೆಗೆ ಇನ್ನೂ ಸ್ವಲ್ಪ ದೂರವಿರುವಾಗ ಮುಂದೆ ಹೋದವರು ನಿಂತರು. "ಅಕ್ಕಾ, ಇಲ್ಲಿ ಯಾರೋ ಅಜ್ಜ ಕೂತಿದ್ದಾರೆ!"

ಅಪ್ಪ. ಹನ್ನೊಂದು ವರ್ಷದಿಂದ ಗೇಟು ದಾಟದವನು ಎರಡು ಊರುಗೋಲು ಹಿಡಿದು ಅಷ್ಟು ದೂರ ಏರಿ ಬಂದು, ಇನ್ನು ಏಳಲಾಗದೆ ಒಂದು ಬೇರಿನ ಮೇಲೆ ಕೂತಿದ್ದ. ಪ್ಯಾಂಟಿನ ಮಂಡಿಗಳಲ್ಲಿ ಮಣ್ಣು. ಎಲ್ಲೋ ತೆವಳಿದ್ದ.

ದಾರಿಯಕ್ಕ ಶಿಕ್ಷಕಿಯರಿಗೆ ಗೇಟಿನ ದಾರಿ ಹೇಳಿ ಕಳಿಸಿದಳು. ಅವರು ಮರೆಯಾಗುವ ತನಕ ನಿಂತೇ ಇದ್ದಳು.

"ಆಫೀಸು ಯಾರು ನೋಡ್ಕೊತಿದ್ದಾರೆ?"

"ಯಾರೂ ಇಲ್ಲ. ಬೇಕಾದೋರು ಬೇಕಾದ್ದು ಹೊತ್ಕೊಂಡು ಹೋಗ್ಲಿ."

"ಯಾಕೆ ಬಂದೆ? ಬಿದ್ದು ಸೊಂಟ ಮುರ್ಕೊಂಡಿದ್ರೆ?"

"ಮನೇಲಿ ನೀನು ಮುಖ ಕೊಡಲ್ಲ. ಇಲ್ಲಾದ್ರೆ ನನ್ನನ್ನ ಬಿಟ್ಟು ಹೋಗೋಕಾಗಲ್ಲ ನಿಂಗೆ, ಕಾಡಲ್ಲಿ ಯಾರನ್ನೂ ಬಿಟ್ಟು ಬಂದವಳಲ್ಲ." ಅವನು ಮಂಡಿಯ ಮಣ್ಣು ಒರೆಸಿಕೊಂಡ. "ತಪ್ಪಾಯ್ತು ಮಗಳೇ. ನಿನ್ನ ಸಂತೋಷ ಅಂದ್ಕೊಂಡೆ. ನಿಜ ಹೇಳ್ಬೇಕಂದ್ರೆ ನನ್ನ ಸಂತೋಷ ಅದು. ಮನೆ ಮತ್ತೆ ಮನೆ ಥರ ಇತ್ತಲ್ಲ, ಅದನ್ನ ಕಳ್ಕೊಳ್ಳೋಕೆ ಧೈರ್ಯ ಬರ್ಲಿಲ್ಲ."

ಅವಳು ಬೇರಿನ ಇನ್ನೊಂದು ತುದಿಯಲ್ಲಿ ಕೂತಳು. ಮೇಲೆ ಹಕ್ಕಿಗಳು ಗೂಡಿಗೆ ಜಗಳವಾಡುತ್ತಿದ್ದವು.

"ಅವರು ನನಗೆ ಏನೂ ಆಗ್ಬೇಕಿರ್ಲಿಲ್ಲ ಅಪ್ಪ," ಎಂದಳು ಕಡೆಗೆ. "ಅವರ ಹೆಂಡತಿಗೆ ಅಳೋಕೆ ಒಬ್ಬ ಗಂಡ ಇದ್ದ. ನಂಗೆ ಅಳೋಕೂ ಹಕ್ಕಿಲ್ಲ."

"ಹಕ್ಕುಪತ್ರ ಕೇಳೋರು ಯಾರಿದ್ದಾರೆ ಇಲ್ಲಿ? ನಾನಿದ್ದೀನಿ, ಮರ ಇದೆ. ಅಳು."

ಆಗ ಅವಳು ಅತ್ತಳು. ಮೊದಲು ಸದ್ದಿಲ್ಲದೆ, ಆಮೇಲೆ ದೊಡ್ಡ ದನಿಯಲ್ಲಿ, ಮೂಗು ಸುರಿಸಿಕೊಂಡು, ಉಸಿರು ಸಿಕ್ಕಿಕೊಳ್ಳುವಂತೆ. ಅಪ್ಪ ಹತ್ತಿರ ಸರಿಯಲಾರದೆ ಊರುಗೋಲಿನ ಹಿಡಿಯನ್ನು ಅವಳ ಕಡೆ ಚಾಚಿದ. ಅವಳು ಅದನ್ನು ಹಿಡಿದುಕೊಂಡಳು. ಬಿಸಿಲು ಕಾಂಡಗಳಿಂದ ಮೇಲೇರಿ ತುದಿ ಕೊಂಬೆಗಳಿಗೆ ಹೋಗುವ ತನಕ ಹಾಗೇ ಕೂತಿದ್ದರು.

"ಏಳು," ಎಂದಳು ಅವಳು, ಮುಖ ಒರೆಸಿಕೊಂಡು. "ಇನ್ನು ಕೂತ್ರೆ ನಿನ್ನ ಮೊಣಕಾಲು ಹಿಡ್ಕೊಳ್ಳುತ್ತೆ."

"ಆಗ್ಲೇ ಹಿಡ್ಕೊಂಡಿದೆ."

ಅವಳು ಅವನ ಕಂಕುಳಿಗೆ ಕೈ ಹಾಕಿ ಎಬ್ಬಿಸಿದಳು. ಮೊದಲ ಸಲ ಆಗಲಿಲ್ಲ, ಎರಡನೆಯ ಸಲ ಎದ್ದ. ಇಳಿಜಾರಿನಲ್ಲಿ ಅವನ ಭಾರವೆಲ್ಲ ಅವಳ ಎಡ ಹೆಗಲ ಮೇಲಿತ್ತು. ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತ, ಒಬ್ಬರಿಗೊಬ್ಬರು ಬೈದುಕೊಳ್ಳುತ್ತ, ಗೇಟು ಕಾಣುವ ಹೊತ್ತಿಗೆ ಇಬ್ಬರೂ ಬೆವೆತು ನೀರಾಗಿದ್ದರು.